ಮಾಂಟ್ರಿಯಲ್‌ನ ಇನ್ನೊಬ್ಬ ಆಟಗಾರ

ಮಾನ್ಯರೇ,

1946ರಲ್ಲಿ ಕೆನಡಾದ ಮಾಂಟ್ರಿಯಲ್ ರಾಯಲ್ಸ್ ಪರವಾಗಿ ಬೇಸ್‌ಬಾಲ್ ಆಡಿದ ಕರಿಯ ಆಟಗಾರ ಜಾಕಿ ರಾಬಿನ್‌ಸನ್ ಅವರ ಬಗ್ಗೆ ನಾವು ಪ್ರಕಟಿಸಿದ ಲೇಖನವನ್ನು ಓದಿ, ಅದೇ ವರ್ಷ ಅದೇ ಊರಿನ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಉತ್ತರ ಅಮೆರಿಕದ ಆಟ) ತಂಡ ಸೇರಿದ ಹರ್ಬ್ ಟ್ರಾವಿಕ್ ಅವರ ಹೆಸರನ್ನೇಕೆ ಬಿಟ್ಟಿರಿ ಎಂದು ತಾವು ಆಕ್ಷೇಪಿಸಿದ್ದೀರಿ. ತಮ್ಮ ಆಕ್ಷೇಪ ನ್ಯಾಯವಾದುದೇ, ತಪ್ಪು ನಮ್ಮದು. ಆದರೆ ಪತ್ರದ ಎರಡು ಮಾತುಗಳನ್ನು ಒಪ್ಪುವುದು ಕಷ್ಟ.

ಟ್ರಾವಿಕ್ ಅವರನ್ನು ತಾವು ಕೆನಡಾದ ಫುಟ್‌ಬಾಲ್ ಲೀಗ್ ಆದ ಸಿಎಫ್‌ಎಲ್‌ನ ಮೊದಲ ಕರಿಯ ಆಟಗಾರ ಎಂದಿದ್ದೀರಿ. ಕೆನಡಾದ ವೃತ್ತಿಪರ ಫುಟ್‌ಬಾಲಿನಲ್ಲಿ ಮೊದಲ ಆಫ್ರಿಕನ್-ಅಮೆರಿಕನ್ ಆಟಗಾರನೆಂದು ಅವರನ್ನು ಗುರುತಿಸುವುದು ನಿಜ. ಆದರೆ ಸಿಎಫ್‌ಎಲ್ ಆ ಹೆಸರಿನಲ್ಲಿ ರೂಪುಗೊಂಡದ್ದು 1958ರಲ್ಲಿ, ಅವರು ಮಾಂಟ್ರಿಯಲ್ ಅಲುಯೆಟ್ಸ್ ಪರ 12 ಋತುಗಳನ್ನು ಆಡಿ 1957ರಲ್ಲಿ ನಿವೃತ್ತರಾದ ಮೇಲೆ.

ಅಮೆರಿಕದ ಬಾಗಿಲು ಮುಚ್ಚಿದ್ದರಿಂದಲೇ ಅವರು ಗಡಿ ದಾಟಿದರು ಎಂಬ ತಮ್ಮ ಇನ್ನೊಂದು ಮಾತು ಅರ್ಧ ಸತ್ಯ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ 1934ರಿಂದ 1945ರವರೆಗೆ ಒಬ್ಬ ಕರಿಯ ಆಟಗಾರನನ್ನೂ ಕಣಕ್ಕಿಳಿಸಿರಲಿಲ್ಲ. ಅದರ ಬಾಗಿಲು ಕೊಂಚ ತೆರೆದದ್ದೂ 1946ರಲ್ಲಿಯೇ. ಆ ವರ್ಷ ಲಾಸ್ ಏಂಜಲೀಸ್‌ಗೆ ಬಂದ ಎನ್‌ಎಫ್‌ಎಲ್‌ನ ರ‍್ಯಾಮ್ಸ್ ತಂಡಕ್ಕೆ ಸಾರ್ವಜನಿಕ ಸ್ವತ್ತಾದ ಕ್ರೀಡಾಂಗಣ ಬೇಕಿತ್ತು. ಕರಿಯರ ತೆರಿಗೆಯ ಹಣವೂ ಸೇರಿ ಕಟ್ಟಿದ ಅಂಗಳದಲ್ಲಿ ಅವರಿಗೇಕೆ ಜಾಗವಿಲ್ಲವೆಂದು ಅಲ್ಲಿನ ಕರಿಯ ಪತ್ರಕರ್ತರು ಪಟ್ಟು ಹಿಡಿದರು. ಆಗ ಕರಿಯ ಆಟಗಾರರಾದ ಕೆನ್ನಿ ವಾಷಿಂಗ್ಟನ್, ವುಡಿ ಸ್ಟ್ರೋಡ್ ಇಬ್ಬರಿಗೂ ಅವಕಾಶ ಸಿಕ್ಕಿತು. ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ ಕೆಂಟಕಿ ಸ್ಟೇಟ್ ಕಾಲೇಜಿನಲ್ಲಿ ಆಡಿದ್ದ ಟ್ರಾವಿಕ್ ಅವರನ್ನು ಅದೇ ಹೊತ್ತಿಗೆ ಮಾಂಟ್ರಿಯಲ್‌ಗೆ ಕರೆತಂದವರು, ಹೊಸದಾಗಿ ತಂಡ ಕಟ್ಟುತ್ತಿದ್ದ ತರಬೇತುದಾರ ಲ್ಯೂ ಹೇಮನ್.

ರಾಬಿನ್‌ಸನ್ ಒಂದೇ ಋತು ಆಡಿ ಅಮೆರಿಕದ ಬ್ರೂಕ್ಲಿನ್ ತಂಡಕ್ಕೆ ಹೋದರು, ಟ್ರಾವಿಕ್ ಉಳಿದರು. ಅವರ ಹೆಸರು ಮರೆಯಾಗಲು ಅವರು ಆಡುತ್ತಿದ್ದ ಸ್ಥಾನವೂ ಕಾರಣವೆಂದು ನನಗನಿಸುತ್ತದೆ. ಅವರು ಲೈನ್‌ಮನ್, ಅಂದರೆ ಚೆಂಡು ಹಿಡಿದವನಿಗೆ ದಾರಿ ಮಾಡಿಕೊಡಲು ಎದುರಾಳಿಗೆ ಮೈಯೊಡ್ಡಿ ನಿಲ್ಲುವವರು. ಪ್ರೇಕ್ಷಕರ ಕಣ್ಣು ಚೆಂಡಿನ ಹಿಂದೆ ಓಡುತ್ತದೆಯೇ ಹೊರತು ಇಂಥವರ ಮೇಲೆ ನಿಲ್ಲುವುದಿಲ್ಲ. ಹಾಗಿದ್ದೂ ಅವರು ಏಳು ಬಾರಿ ಋತುವಿನ ಶ್ರೇಷ್ಠ ಆಟಗಾರರ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾದರು.

ಆದರೆ ಒಮ್ಮೆ ಚೆಂಡು ತಾನಾಗಿ ಅವರ ಕೈಗೆ ಬಂತು. ಕೆನಡಾ ಫುಟ್‌ಬಾಲಿನ ಅಗ್ರ ಪ್ರಶಸ್ತಿಯಾದ ಗ್ರೇ ಕಪ್‌ನ 1949ರ ಫೈನಲ್‌ನಲ್ಲಿ, ಟೊರಾಂಟೊದ ವಾರ್ಸಿಟಿ ಕ್ರೀಡಾಂಗಣದಲ್ಲಿ, ಕ್ಯಾಲ್ಗರಿಯವರ ಕೈಜಾರಿದ ಚೆಂಡನ್ನು ಎತ್ತಿಕೊಂಡು ಎದುರಾಳಿಯ ಗೋಲುಗೆರೆ ದಾಟಿ ಓಡಿದ ಟ್ರಾವಿಕ್ ಟಚ್‌ಡೌನ್ ಗಳಿಸಿದರು. ಆಗಿನ ಲೆಕ್ಕದಲ್ಲಿ ಐದು ಅಂಕ. ಮಾಂಟ್ರಿಯಲ್ 28-15ರಿಂದ ಗೆದ್ದಿತು. ಆ ದಿನ ಸೋತ ಕ್ಯಾಲ್ಗರಿ ತಂಡದಲ್ಲಿದ್ದವರು ಯಾರು ಬಲ್ಲಿರಾ? ರ‍್ಯಾಮ್ಸ್‌ನಲ್ಲಿ ಒಂದೇ ಋತು ಆಡಿ, ಬಳಿಕ ಕೆನಡಾಕ್ಕೆ ಬಂದಿದ್ದ ಅದೇ ವುಡಿ ಸ್ಟ್ರೋಡ್.

ಟ್ರಾವಿಕ್ 1975ರಲ್ಲಿ ಕೆನಡಾ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದರು, 1985ರಲ್ಲಿ ತೀರಿಕೊಂಡರು. ಅಲುಯೆಟ್ಸ್ ತಂಡ ಅವರ 56ನೇ ಸಂಖ್ಯೆಯ ಅಂಗಿಯನ್ನು ಬೇರಾರಿಗೂ ಕೊಡುವುದಿಲ್ಲ. ಮಾಂಟ್ರಿಯಲ್‌ನ ಕರಿಯರ ಹಳೆಯ ನೆಲೆಯಾದ ಲಿಟಲ್ ಬರ್ಗಂಡಿಯಲ್ಲಿ ಅವರ ಹೆಸರಿನ ಒಂದು ಉದ್ಯಾನವೂ ಇದೆ.

– ಸಂಪಾದಕ