ಸೈಕಲ್ ರೈಡಿಗೆ ಯಾವ ಜಿಪಿಎಸ್ ಫೋನ್ ತಗೊಳ್ಳಬೇಕು?

ನೀವು ಕೇಳಿದ್ದು ಇಷ್ಟು, ಅಲ್ವಾ? ವಿಜಯಪುರದಿಂದ ಕೊಲ್ಹಾರ, ಬಾಗಲಕೋಟೆ ಮೇಲೆ ಬಾದಾಮಿ, ಪಟ್ಟದಕಲ್ಲಿನ ತನಕ ಸೈಕಲ್ ಮೇಲೆ ಹೋಗಬೇಕು. ದಾರಿ ತೋರಿಸೋಕೆ ಮತ್ತು ರೈಡ್ ದಾಖಲಿಸೋಕೆ 20 ಸಾವಿರದೊಳಗೆ ಒಳ್ಳೆ ಜಿಪಿಎಸ್ ಇರುವ ಫೋನ್ ಬೇಕು. ಸೈಕಲ್ ಕಂಪ್ಯೂಟರಿಗೆ ಅಂತ ಬೇರೆ ದುಡ್ಡು ಹಾಕೋಕೆ ಆಗಲ್ಲ.

ನಾನು ಬಾಗಲಕೋಟೆ ನವನಗರದವನು. ಇದೇ ರಸ್ತೆಗಳಲ್ಲಿ ಬರೀ ಫೋನ್ ನಂಬಿಕೊಂಡು ವರ್ಷಗಳಿಂದ ಸೈಕಲ್ ಹೊಡೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ನಮ್ಮ ಬಯಲುಸೀಮೆಯ ರಸ್ತೆಗೆ ಜಿಪಿಎಸ್ ಚಿಪ್ ಯಾವುದು ಅನ್ನೋದನ್ನ ಎಲ್ಲಕ್ಕಿಂತ ಕೊನೆಗೆ ನೋಡಿದರೆ ಸಾಕು. ಮೊದಲು ನೋಡಬೇಕಾದ್ದು ಮೂರು: ಅರ್ಧ ದಾರಿಯಲ್ಲಿ ದಾಖಲಿಸೋದನ್ನ ನಿಲ್ಲಿಸದ ಫೋನ್, ಮಧ್ಯಾಹ್ನದ ಬಿಸಿಲಲ್ಲೂ ಓದೋಕೆ ಬರುವ ಸ್ಕ್ರೀನ್, ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುವ ಮ್ಯಾಪ್. ಕೊಲ್ಹಾರದ ರಸ್ತೆಯಲ್ಲಿ ತಲೆ ಮೇಲೆ ಪೂರ್ತಿ ಆಕಾಶ ಇರುತ್ತದೆ. ಅಲ್ಲಿ ಹತ್ತು ಸಾವಿರದ ಫೋನೂ ಕೆಲವೇ ಮೀಟರ್ ಆಚೀಚೆ ನೀವು ಎಲ್ಲಿದ್ದೀರಿ ಅಂತ ತೋರಿಸುತ್ತದೆ.

ದಾಖಲಿಸೋದು ನಿಲ್ಲುತ್ತದೆ ಅಂದೆನಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಸಬರು ಜಾಸ್ತಿ ಬೇಜಾರು ಮಾಡಿಕೊಳ್ಳುವುದು ಇಲ್ಲೇ. ನಮ್ಮ ಜೊತೆ ಬರುವ ಗೆಳೆಯರೊಬ್ಬರು ಒಮ್ಮೆ ಕಲಾದಗಿ ತನಕ ಹೋಗಿ ಬಂದು ಸ್ಟ್ರಾವಾ ಅನ್ನೋ ರೈಡ್ ದಾಖಲಿಸುವ ಆ್ಯಪ್ ತೆಗೆದು ನೋಡಿದರು. ಗದ್ದನಕೇರಿ ಕ್ರಾಸ್ ತನಕ ರಸ್ತೆಯ ಪ್ರತಿ ತಿರುವೂ ಸರಿಯಾಗಿ ಬಂದಿತ್ತು. ಅಲ್ಲಿಂದ ಮುಂದೆ ಒಂದೇ ನೇರ ಗೆರೆ. ಹೊಲ, ದಾಳಿಂಬೆ ತೋಟ ಯಾವುದನ್ನೂ ಲೆಕ್ಕಿಸದೆ ಸೀಳಿಕೊಂಡು ಹೋಗಿತ್ತು. ದೂರವೂ ಕಡಿಮೆ ಬಂದಿತ್ತು. ಅವರು ಜಿಪಿಎಸ್ ಹಾಳಾಗಿದೆ ಅಂದುಕೊಂಡಿದ್ದರು. ಜಿಪಿಎಸ್ ಚೆನ್ನಾಗೇ ಇತ್ತು. ಸ್ಕ್ರೀನ್ ಆಫ್ ಆದ ಸ್ವಲ್ಪ ಹೊತ್ತಿಗೆ ಬ್ಯಾಟರಿ ಉಳಿಸೋಕೆ ಅಂತ ಫೋನೇ ಆ ಆ್ಯಪನ್ನ ಮುಚ್ಚಿಬಿಟ್ಟಿತ್ತು.

ಅಗ್ಗದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಈ ಚಾಳಿ ಜಾಸ್ತಿ. ಪ್ರತಿ ಕಂಪನಿ ಆಂಡ್ರಾಯ್ಡ್ ಮೇಲೆ ತನ್ನದೇ ಬ್ಯಾಟರಿ ನಿಯಮ ಹೇರಿರುತ್ತದೆ. ಆದ್ದರಿಂದ ಫೋನ್ ಯಾವುದೇ ಇರಲಿ, ಸೆಟ್ಟಿಂಗ್ಸಿನಲ್ಲಿ ಇಷ್ಟು ಮಾಡಿಕೊಳ್ಳಿ. ರೈಡ್ ದಾಖಲಿಸುವ ಆ್ಯಪಿನ ಬ್ಯಾಟರಿ ಬಳಕೆಗೆ ಯಾವ ನಿರ್ಬಂಧವೂ ಬೇಡ ಅಂತ ಇಡಿ. ಆಟೋಸ್ಟಾರ್ಟ್ ಅಂತ ಆಯ್ಕೆ ಇದ್ದರೆ ಆನ್ ಮಾಡಿ. ಲೊಕೇಶನ್ ಅನುಮತಿಯನ್ನ ಎಲ್ಲಾ ಸಮಯಕ್ಕೂ ಕೊಡಿ. ಅದರ ಕೆಳಗೇ ನಿಖರ ಲೊಕೇಶನ್ ಅಂತ ಇನ್ನೊಂದು ಗುಂಡಿ ಇರುತ್ತದೆ, ಅದೂ ಆನ್ ಇರಬೇಕು. ಬ್ಯಾಟರಿ ಸೇವರ್ ಆಫ್ ಇರಲಿ. ಕೆಲವು ಫೋನ್‌ಗಳಲ್ಲಿ ಅದು ಆನ್ ಇದ್ದರೆ ಸ್ಕ್ರೀನ್ ಆರಿದ ಕೂಡಲೇ ಲೊಕೇಶನ್ನೂ ನಿಂತುಹೋಗುತ್ತದೆ. ಇಷ್ಟೆಲ್ಲ ಮಾಡಿ ಒಂದು ಬೆಳಗ್ಗೆ ಊರಲ್ಲೇ ಒಂದು ಗಂಟೆ ಸುತ್ತಿ, ಗೆರೆ ಹೇಗೆ ಬಂದಿದೆ ನೋಡಿ. ಬಾದಾಮಿಗೆ ಹೊರಡುವುದು ಅದಾದ ಮೇಲೆ.

ನೀವು ಹೊರಡುವುದು ಬೇಸಿಗೆಯಲ್ಲಾದರೆ ಬಿಸಿಲಿನ ಲೆಕ್ಕ ಈಗಲೇ ಹಾಕಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದಲ್ಲ. ಆಪಲ್ ತನ್ನ ಐಫೋನ್ ಬಳಕೆಗೆ ಹೇಳುವ ಮಿತಿಯೇ ಸುತ್ತಲಿನ ಗಾಳಿ 0ಯಿಂದ 35 ಡಿಗ್ರಿ. ಕಪ್ಪು ಕವರ್ ಹಾಕಿ ಹ್ಯಾಂಡಲ್ ಮೇಲೆ ನೇರ ಬಿಸಿಲಿಗೆ ಕಟ್ಟಿದ ಫೋನ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಮೊದಲು ಸ್ಕ್ರೀನ್ ತಾನಾಗೇ ಮಂಕಾಗುತ್ತದೆ, ಆಮೇಲೆ ಚಾರ್ಜ್ ಹತ್ತುವುದು ನಿಲ್ಲುತ್ತದೆ, ಇನ್ನೂ ಕಾದರೆ ಫೋನೇ ಆಫ್. ಬಿಸಿಲಲ್ಲೇ ಇಟ್ಟು ಪವರ್ ಬ್ಯಾಂಕ್ ಚುಚ್ಚಿದರೆ ಶಾಖ ಇನ್ನೂ ಏರುತ್ತದೆ.

ಅದಕ್ಕೇ ನಾನು ಫೋನನ್ನ ಹ್ಯಾಂಡಲ್ ಮೇಲೆ ಇಡುವುದು ತಿರುವು ಜಾಸ್ತಿ ಇರುವ ಕಡೆ ಮಾತ್ರ. ಉಳಿದ ಹೊತ್ತು ಅದು ಜರ್ಸಿಯ ಬೆನ್ನ ಜೇಬಿನಲ್ಲಿ, ಬೆವರು ತಾಗದಂತೆ ಪ್ಲಾಸ್ಟಿಕ್ ಚೀಲದೊಳಗೆ, ಸ್ಕ್ರೀನ್ ಆಫ್. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೂ ದಾರಿ ಹೇಳುತ್ತದೆ, ದನಿ ಜೋರಾಗಿ ಇಟ್ಟರೆ ಜೇಬಿನಿಂದಲೇ ಕೇಳಿಸುತ್ತದೆ. ಹೆದ್ದಾರಿಯಲ್ಲಿ ಇಯರ್‌ಫೋನ್ ದಯವಿಟ್ಟು ಬೇಡ. ಹಿಂದಿನಿಂದ ಬರುವ ಕಬ್ಬಿನ ಟ್ರ್ಯಾಕ್ಟರ್, ಲಾರಿ ಸದ್ದು ನಿಮ್ಮ ಕಿವಿಗೆ ಬೀಳಲೇಬೇಕು.

ಹೀಗೆ ಇಟ್ಟರೆ ಬ್ಯಾಟರಿಯ ಚಿಂತೆಯೂ ಅರ್ಧ ಕಡಿಮೆ. ಜಿಪಿಎಸ್ ತಿನ್ನುವುದಕ್ಕಿಂತ ಪೂರ್ತಿ ಬೆಳಕಿನಲ್ಲಿ ಉರಿಯುವ ಸ್ಕ್ರೀನ್ ತಿನ್ನುವುದೇ ಜಾಸ್ತಿ. 5000 ಎಂಎಎಚ್ ಬ್ಯಾಟರಿ ಈಗ ನಿಮ್ಮ ಬಜೆಟ್ಟಿನ ಹೆಚ್ಚುಕಡಿಮೆ ಎಲ್ಲ ಫೋನ್‌ಗಳಲ್ಲೂ ಸಿಗುತ್ತದೆ. ಸ್ಕ್ರೀನ್ ಆಫ್ ಇಟ್ಟು ದಾಖಲಿಸಿದರೆ ಅದು ಒಂದು ದಿನದ ರೈಡಿಗೆ ಸಾಕು. ಸ್ಕ್ರೀನಿನ ಬೆಳಕು 1000 ನಿಟ್ಸ್ ಅಥವಾ ಮೇಲೆ ಇದ್ದರೆ ಹಗಲಲ್ಲಿ ಓದಬಹುದು. ನೀವು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕುವವರಾದರೆ ಅದನ್ನ ಹಾಕಿಕೊಂಡೇ ಅಂಗಡಿಗೆ ಹೋಗಿ. ಫೋನನ್ನ ನೆಟ್ಟಗೆ, ಅಡ್ಡ, ಎರಡೂ ಥರ ಹಿಡಿದು ನೋಡಿ. ಕೆಲವು ಸ್ಕ್ರೀನ್ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿಬಿಡುತ್ತದೆ.

ಇನ್ನು ಜಿಪಿಎಸ್ ವಿಷಯ. ಮೊಬೈಲ್ ಡೇಟಾ ಇಲ್ಲದಿದ್ದರೆ ಜಿಪಿಎಸ್ ನಡೆಯಲ್ಲ ಅಂತ ಬಹಳ ಜನ ನಂಬಿದ್ದಾರೆ. ನಡೆಯುತ್ತದೆ. ಫ್ಲೈಟ್ ಮೋಡ್‌ನಲ್ಲೂ ನಡೆಯುತ್ತದೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳ ಸಂಕೇತವನ್ನ ಫೋನ್ ಸುಮ್ನೆ ಕೇಳಿಸಿಕೊಳ್ಳುತ್ತದೆ, ತಿರುಗಿ ಏನನ್ನೂ ಕಳಿಸುವುದಿಲ್ಲ. ಡೇಟಾ ನೆರವಾಗುವುದು ಮೊದಲ ಸಲ ಜಾಗ ಹಿಡಿಯುವಾಗ. ಯಾವ ಉಪಗ್ರಹ ಎಲ್ಲಿದೆ ಅನ್ನುವ ಮಾಹಿತಿ ಡೇಟಾದಲ್ಲಿ ಕ್ಷಣದಲ್ಲಿ ಇಳಿಯುತ್ತದೆ. ಡೇಟಾ ಇಲ್ಲದಿದ್ದರೆ ಅದನ್ನ ಉಪಗ್ರಹದಿಂದಲೇ ನಿಧಾನಕ್ಕೆ ಪಡೆಯಬೇಕು. ಒಂದು ಉಪಗ್ರಹ ತನ್ನ ನಿಖರ ಕಕ್ಷೆಯ ವಿವರ ಹೇಳಿ ಮುಗಿಸೋಕೆ 30 ಸೆಕೆಂಡ್ ಬೇಕು. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಬರೋಕೆ 12.5 ನಿಮಿಷ. ಹಾಗಾಗಿ ಆ್ಯಪನ್ನ ಮನೆ ಮುಂದೆ ಬಯಲಲ್ಲಿ ತೆರೆಯಿರಿ, ಜಾಗ ಹಿಡಿದ ಮೇಲೆ ಪೆಡಲ್ ತುಳಿಯಿರಿ.

ಮ್ಯಾಪಿಗೆ ಮಾತ್ರ ಡೇಟಾ ಬೇಕು, ಮೊದಲೇ ಇಳಿಸಿಟ್ಟರೆ ಅದೂ ಬೇಡ. ಇಲ್ಲಿ ಒಂದು ಸಂಗತಿ ಗಮನಿಸಿ. ಗೂಗಲ್ ಮ್ಯಾಪ್ಸ್ ಆಫ್‌ಲೈನ್‌ನಲ್ಲಿ ವಾಹನದ ದಾರಿ ಮಾತ್ರ ತೋರಿಸುತ್ತದೆ, ಸೈಕಲ್ ದಾರಿ, ನಡೆಯುವ ದಾರಿ ಸಿಗಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಓಸ್ಮ್‌ಆಂಡ್ ಎರಡೂ ಜನರೇ ಸೇರಿ ಮಾಡಿದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದವು, ಆಫ್‌ಲೈನ್‌ನಲ್ಲೂ ಸೈಕಲ್ ದಾರಿ ಕೊಡುತ್ತವೆ. ಯಾರಾದರೂ ಕಳಿಸಿದ ಜಿಪಿಎಕ್ಸ್ ಫೈಲನ್ನೂ (ದಾರಿಯನ್ನ ದಾಖಲಿಸಿಟ್ಟ ಫೈಲ್) ಇವುಗಳಲ್ಲಿ ತೆರೆಯಬಹುದು. ನಾನು ಬಳಸುವುದು ಆರ್ಗ್ಯಾನಿಕ್ ಮ್ಯಾಪ್ಸ್, ಹಗುರ ಇದೆ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಆಲಮಟ್ಟಿ ಹಿನ್ನೀರು ತುಂಬಿದಾಗ ನದಿ ದಂಡೆಯ ತಗ್ಗಿನ ದಾರಿಗಳ ಬಗ್ಗೆ ಯಾವ ಮ್ಯಾಪನ್ನೂ ಪೂರ್ತಿ ನಂಬಬೇಡಿ. ಊರಿನವರನ್ನ ಒಂದು ಮಾತು ಕೇಳಿ ಮುಂದೆ ಹೋಗಿ.

ಒಳ್ಳೆಯ ಜಿಪಿಎಸ್ ಚಿಪ್ ಎಲ್ಲಿ ಬೇಕು? ಬಾದಾಮಿಯ ಕೆಂಪು ಬಂಡೆಗಳ ಬುಡದಲ್ಲಿ, ಬೆಳಗಾವಿ ಕಡೆ ಕಣಕುಂಬಿ, ಚೋರ್ಲಾ ಘಾಟಿನ ದಟ್ಟ ಕಾಡಿನಲ್ಲಿ. ಸಂಕೇತ ಬಂಡೆಗೆ ಬಡಿದು ತಿರುಗಿ ಬಂದರೆ ಫೋನ್ ಗೊಂದಲಕ್ಕೆ ಬೀಳುತ್ತದೆ. ನಿಮ್ಮೂರಿನ ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದ್ದು ಹಲವು ಸಲ ಕೇಳುತ್ತದಲ್ಲ, ಮೊದಲ ದನಿ ಯಾವುದು, ಮಾರ್ದನಿ ಯಾವುದು ಅಂತ ಗುರುತಿಸಬೇಕಾದ ಪರಿಸ್ಥಿತಿ ಅದು. ಉಪಗ್ರಹಗಳು ಎಲ್1, ಎಲ್5 ಅನ್ನೋ ಬೇರೆ ಬೇರೆ ಆವರ್ತನಗಳಲ್ಲಿ ಸಂಕೇತ ಕಳಿಸುತ್ತವೆ. ಹಳೆಯ ಎಲ್1 ಸಂಕೇತದ ಜೊತೆ ಎಲ್5 ಸಂಕೇತವನ್ನೂ ಹಿಡಿಯುವ ಫೋನ್ ಇದನ್ನ ಚೆನ್ನಾಗಿ ನಿಭಾಯಿಸುತ್ತದೆ. ಎಲ್5ರ ಸಂಕೇತದ ಮಿಡಿತ ಹತ್ತು ಪಟ್ಟು ವೇಗದ್ದು. ಹಾಗಾಗಿ ನೇರ ಬಂದಿದ್ದನ್ನೂ ಬಡಿದು ಬಂದಿದ್ದನ್ನೂ ಬೇರೆ ಮಾಡೋದು ಸುಲಭ. ಇದು ಫೋನಿಗೆ ಮೊದಲು ಬಂದಿದ್ದು 2018ರಲ್ಲಿ, ಶಿಯೋಮಿಯ ಮಿ 8ರಲ್ಲಿ. ಈಗ ಮಧ್ಯಮ ಬೆಲೆಯ ಕೆಲವು ಫೋನ್‌ಗಳಲ್ಲೂ ಇದೆ. ವಿವರದ ಪಟ್ಟಿಯಲ್ಲಿ ಡ್ಯುಯಲ್ ಬ್ಯಾಂಡ್ ಅಥವಾ ಎಲ್1+ಎಲ್5 ಅಂತ ಹುಡುಕಿ.

ಜಿಪಿಎಸ್ ಥರದ್ದೇ ಆದ ನಮ್ಮ ಇಸ್ರೋದ ಉಪಗ್ರಹ ವ್ಯವಸ್ಥೆ ನಾವಿಕ್ ಬಗ್ಗೆ ನನಗೆ ತುಂಬಾ ಅಭಿಮಾನ ಇದೆ. ಅದರ ಉಪಗ್ರಹಗಳು ನಮ್ಮ ಆಕಾಶದಲ್ಲೇ ಎತ್ತರಕ್ಕೆ ನಿಂತಿರುತ್ತವೆ. ಮೊದಲ ಸರಣಿಯವು ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ ಕಳಿಸುತ್ತಿದ್ದವು. 2023ರ ಮೇ 29ರಂದು ಹಾರಿದ ಹೊಸ ಸರಣಿಯ ಉಪಗ್ರಹ ಎನ್‌ವಿಎಸ್-01ರಿಂದ ಎಲ್1 ಕೂಡ ಸೇರಿತು. ಆದರೆ ಹಳೆಯ ಉಪಗ್ರಹಗಳಲ್ಲಿ ಕೆಲವದರ ಅಣು ಗಡಿಯಾರ ಕೈಕೊಟ್ಟಿವೆ, ಅಂಥವು ಜಾಗ ಹಿಡಿಯೋಕೆ ನೆರವಾಗಲ್ಲ. ಫೋನಿನಲ್ಲಿ ನಾವಿಕ್ ಇದ್ದರೆ ಒಳ್ಳೆಯದೇ, ಅದೊಂದಕ್ಕಾಗಿ ಎರಡು ಮೂರು ಸಾವಿರ ಜಾಸ್ತಿ ಕೊಡಬೇಡಿ.

ದಿಕ್ಸೂಚಿ, ಅಂದರೆ ಮ್ಯಾಗ್ನೆಟೋಮೀಟರ್ ಇದೆಯಾ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ. ಅಗ್ಗದ ಕೆಲವು ಫೋನ್‌ಗಳಲ್ಲಿ ಇದನ್ನೇ ಬಿಟ್ಟಿರುತ್ತಾರೆ. ನೀವು ಚಲಿಸುವಾಗ ಜಿಪಿಎಸ್ ದಿಕ್ಕು ಹೇಳುತ್ತದೆ. ಕ್ರಾಸಿನಲ್ಲಿ ನಿಂತಾಗ ನೀವು ಯಾವ ಕಡೆ ಮುಖ ಮಾಡಿದ್ದೀರಿ ಅಂತ ಹೇಳೋದು ದಿಕ್ಸೂಚಿಯೇ. ಅಯಸ್ಕಾಂತ ಇರುವ ಕವರ್, ಹೋಲ್ಡರ್ ಬಳಸಿದರೆ ಅದು ತಪ್ಪು ತೋರಿಸುತ್ತದೆ.

ಎತ್ತರ ಅಳೆಯುವ ಬ್ಯಾರೋಮೀಟರ್ ಈ ಬೆಲೆಗೆ ಸಿಗುವುದು ಅಪರೂಪ, ಚಿಂತೆ ಬೇಡ. ಬ್ಯಾರೋಮೀಟರ್ ಇಲ್ಲದ ಫೋನಿನ ರೈಡಿಗೆ ಸ್ಟ್ರಾವಾ ತನ್ನ ನಕ್ಷೆಯಿಂದಲೇ ಎತ್ತರ ತುಂಬುತ್ತದೆ. ಬೇರೆ ಆ್ಯಪಿನ ಎತ್ತರ ಪರೀಕ್ಷಿಸೋಕೆ ನಮ್ಮಲ್ಲೇ ಒಂದು ಒಳ್ಳೆಯ ಅಳತೆಗೋಲು ಇದೆ. ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 519.6 ಮೀಟರ್. ತುಂಬಿದ ದಿನಗಳಲ್ಲಿ ಹಿನ್ನೀರಿನ ಅಂಚಿಗೆ ಹೋಗಿ ಫೋನ್ ನೋಡಿ. 70 ಮೀಟರಿಗೂ ಜಾಸ್ತಿ ಕಡಿಮೆ ತೋರಿಸಿದರೆ ಗಾಬರಿ ಬೇಡ. ಉಪಗ್ರಹ ಲೆಕ್ಕ ಹಾಕುವುದು ಭೂಮಿಯ ಗಣಿತದ ಆಕಾರದಿಂದ. ಸಮುದ್ರ ಮಟ್ಟಕ್ಕೂ ಅದಕ್ಕೂ ನಮ್ಮ ಭಾಗದಲ್ಲಿ ಅಷ್ಟು ಅಂತರ ಇದೆ. ಕೆಲವು ಆ್ಯಪ್ ಅದನ್ನ ತಿದ್ದದೆ ಹಾಗೇ ತೋರಿಸುತ್ತವೆ.

ಮಾಡೆಲ್ ಹೆಸರು ಹೇಳಿ ಅಂತ ಕೇಳಿದ್ದೀರಿ. ಬೇಕಂತಲೇ ಹೇಳುತ್ತಿಲ್ಲ. ಒಂದೇ ಹೆಸರಿನ ಫೋನ್ 4ಜಿಯಲ್ಲಿ ಒಂದು ಚಿಪ್, 5ಜಿಯಲ್ಲಿ ಇನ್ನೊಂದು ಚಿಪ್ ಇಟ್ಟುಕೊಂಡು ಬರುತ್ತದೆ. ಬದಲಿಗೆ ಹೀಗೆ ಮಾಡಿ. ಜಿಪಿಎಸ್‌ಟೆಸ್ಟ್ ಅಂತ ಒಂದು ಉಚಿತ ಆಂಡ್ರಾಯ್ಡ್ ಆ್ಯಪ್ ಇದೆ. ಅಂಗಡಿಯವರನ್ನ ಕೇಳಿ, ಡೆಮೊ ಫೋನಿನಲ್ಲಿ ಹಾಕಿಸಿ, ರಸ್ತೆಗೆ ಬಂದು ಒಂದೆರಡು ನಿಮಿಷ ನಿಲ್ಲಿ. ಅಂಗಡಿಯ ಸೂರಿನ ಕೆಳಗೆ ನೋಡಿದರೆ ಏನೂ ತಿಳಿಯಲ್ಲ. ಉಪಗ್ರಹಗಳ ಪಟ್ಟಿ ಒಂದೊಂದಾಗಿ ತುಂಬುತ್ತಾ ಬರುತ್ತದೆ. ಪ್ರತಿಯೊಂದರ ಮುಂದೆ ಸಂಕೇತದ ಬಲ ಇರುತ್ತದೆ. 30ಕ್ಕಿಂತ ಮೇಲಿನ ಅಂಕಿ ಹತ್ತಾರು ಉಪಗ್ರಹಗಳಿಗೆ ಬಂದರೆ ಆಂಟೆನಾ ಚೆನ್ನಾಗಿದೆ. ಆವರ್ತನದ ಕಾಲಮ್ಮಿನಲ್ಲಿ ಎಲ್5 ಅಂತ ಕಂಡರೆ ಡಬ್ಬಿ ಮೇಲೆ ಬರೆದಿದ್ದು ನಿಜ.

ಇದೇ ಪರೀಕ್ಷೆಯನ್ನ ಮೊದಲು ನಿಮ್ಮ ಕೈಲಿರುವ ಫೋನಿನ ಮೇಲೆ ಮಾಡಿ. ಅದು ಪಾಸಾಗಿ, ಬ್ಯಾಟರಿ ಇನ್ನೂ ಗಟ್ಟಿ ಇದ್ದರೆ ಹೊಸ ಫೋನಿನ ದುಡ್ಡಲ್ಲಿ ಒಳ್ಳೆಯ ಟೈರು, ಹಿಂದಿನ ಲೈಟು, ಒಂದು ಪವರ್ ಬ್ಯಾಂಕ್ ಬರುತ್ತದೆ. ಈಗಿರುವ ಫೋನ್ ಯಾವುದು, ಜಿಪಿಎಸ್‌ಟೆಸ್ಟ್‌ನಲ್ಲಿ ಏನು ಕಂಡಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.