ಮನೆ ಮಾರುವ ಮುನ್ನ ಗೋಡೆಯ ತೇವದ ಕಲೆ ಮೇಲೆ ಬಣ್ಣ ಹೊಡೆದರೆ ಸಾಕೇ?

ಸಾಲದು. ಒಳಗೆ ತೇವ ಇದ್ದಂತೆಯೇ ಬಳಿದ ಬಣ್ಣ ಗುಳ್ಳೆ ಎದ್ದು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸಾಮಾನ್ಯವಾಗಿ ಕೊಳ್ಳುವವರು ಎರಡನೇ ಸಲ ನೋಡಲು ಬರುವ ಹೊತ್ತಿಗೇ! ಇಡೀ ಮನೆಯಲ್ಲಿ ಒಂದು ಮೂಲೆಗಷ್ಟೇ ಹೊಸ ಬಣ್ಣ ಕಂಡರೂ ಅವರಿಗೆ ಅನುಮಾನ ಬರುತ್ತದೆ.

ಮೊದಲು ತೇವದ ಮೂಲ ಹುಡುಕಿ. ಕಲೆಯ ಮೇಲೆ ಒಂದಡಿ ಚದರದ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಒತ್ತಿ 2 ದಿನ ಬಿಡಿ. ಹಾಳೆಯ ಗೋಡೆ ಕಡೆಗೆ ಹನಿ ಕಟ್ಟಿದ್ದರೆ ನೀರು ಒಳಗಿಂದ ಬರುತ್ತಿದೆ: ಪೈಪ್, ಬಚ್ಚಲಿನ ಟೈಲ್ಸ್ ಸಂದು, ತಾರಸಿಯ ಬಿರುಕು ನೋಡಿಸಿ. ಕೋಣೆ ಕಡೆಗಿದ್ದರೆ ಅದು ಗಾಳಿಯ ತೇವ. ಕಿಟಕಿ, ಎಕ್ಸಾಸ್ಟ್ ಫ್ಯಾನಿನಿಂದಲೇ ಬಹುಪಾಲು ಸರಿಹೋಗುತ್ತದೆ.

ಸೋರಿಕೆ ನಿಂತು ಗೋಡೆ ಪೂರ್ತಿ ಒಣಗಿದ ಮೇಲೆ ಸಡಿಲ ಬಣ್ಣ ಕೆರೆಯಿರಿ. ತೇವದಿಂದ ಗೋಡೆಯ ಮೇಲೆ ಎದ್ದ ಬಿಳಿ ಉಪ್ಪಿನ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿದರೆ ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಪುಟ್ಟಿಯನ್ನು ಒಮ್ಮೆಗೇ ದಪ್ಪ ಮೆತ್ತಿದರೆ ಬಿರಿಯುತ್ತದೆ, ತೆಳುವಾಗಿ 2 ಸಲ ಎಳೆಯಿರಿ. ನಂತರ 180, ಆಮೇಲೆ 320 ನಂಬರಿನ ಸ್ಯಾಂಡ್ ಪೇಪರ್.

ಕಂದು ಕಲೆ ಉಳಿದಿದ್ದರೆ ಸಾದಾ ವಾಟರ್ ಪ್ರೈಮರ್ ಬೇಡ. ಅದರ ನೀರಿನಲ್ಲೇ ಕಲೆ ಕರಗಿ ಮೇಲೆದ್ದು ಬರುತ್ತದೆ. ಕಲೆ ತಡೆಯುವ ಆಯಿಲ್ ಪ್ರೈಮರ್ ಹಾಕಿ. ಬಣ್ಣ ಮಾತ್ರ ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಹೊಡೆಸಿ, ತೇಪೆ ಹಚ್ಚಿದರೆ ಕಿಟಕಿಯ ಓರೆ ಬೆಳಕಿಗೆ ಎದ್ದು ಕಾಣುತ್ತದೆ. ಸೋರಿಕೆ ರಿಪೇರಿಯ ಬಿಲ್ ಎತ್ತಿಟ್ಟುಕೊಂಡಿರಿ; ಕೇಳಿದಾಗ ಅದನ್ನೇ ತೋರಿಸಬಹುದು.