ವಯಸ್ಸು ಕುಂಟುವುದಿಲ್ಲ, ಕಾಲು ಕುಂಟುತ್ತದೆ

ಪತ್ರ: “ನಮ್ಮ ರಾಜನಿಗೆ ಒಂಬತ್ತು ವರ್ಷ. ಲ್ಯಾಬ್ರಡಾರ್ ಮಿಶ್ರತಳಿ, 36 ಕಿಲೋ ತೂಕ. ಮೂರು ವಾರದಿಂದ ಬಲ ಮುಂಗಾಲು ಕುಂಟುತ್ತಿದ್ದಾನೆ. ‘ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ, ನನ್ನ ಮಂಡಿಯೂ ನೋಯುತ್ತದೆ, ನಾನು ಯಾರಿಗಾದರೂ ಹೇಳಿದ್ದೇನೆಯೇ’ ಎನ್ನುತ್ತಾರೆ ನಮ್ಮ ಮಾವನವರು. ಮೊಬೈಲ್‌ನಲ್ಲಿ ಹುಡುಕಿದರೆ ಮೂಳೆ ಕ್ಯಾನ್ಸರ್ ಎಂದೇ ಬರುತ್ತದೆ. ರಾತ್ರಿ ಎದ್ದು ಹೋಗಿ ಅವನ ಕಾಲು ಸವರುತ್ತೇನೆ. ಮಣಿಕಟ್ಟಿನ ಮೇಲೆ ಕೊಂಚ ದಪ್ಪವಾದಂತೆ ಅನಿಸುತ್ತದೆ, ನನ್ನ ಭ್ರಮೆಯೂ ಇರಬಹುದು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೆದರಿಕೆ. ನಾನು ಅತಿಯಾಗಿ ಯೋಚಿಸುತ್ತಿದ್ದೇನೆಯೇ?” — ಹೆಸರು ಬೇಡವೆಂದ ಓದುಗರು

ಉತ್ತರ: ಇಲ್ಲ ತಾಯಿ, ನಿಮ್ಮ ಯೋಚನೆ ಅತಿಯಾಗಿಲ್ಲ. ಯೋಚನೆಯಲ್ಲಿಯೇ ಮೂರು ವಾರ ಕಳೆದುಬಿಟ್ಟಿದ್ದೀರಿ, ನನ್ನ ತಕರಾರು ಅಷ್ಟೇ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ರಾಜನ ಕಾಲಿನ ಎಕ್ಸ್-ರೇ ಆಗಿರಲಿ ಎಂದು ನಿಮಗೆ ಬೇರೆಯಾಗಿ ಒಂದು ಕಾಗದವನ್ನೂ ಬರೆದಿದ್ದೇನೆ. ಆದರೂ ಇಲ್ಲಿ ಇಷ್ಟು ಉದ್ದಕ್ಕೆ ಬರೆಯಲು ನಿಮ್ಮ ಮಾವನವರ ಆ ಒಂದು ವಾಕ್ಯವೇ ಕಾರಣ. ‘ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ.’ ಈ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ.

ಹಿರಿಯರ ಪಾಲಿಗೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ವಯಸ್ಸಾದ ನಾಯಿ ಕುಂಟಿದರೆ ಬಹಳ ಸಲ ಅದು ಕ್ಯಾನ್ಸರ್ ಆಗಿರುವುದಿಲ್ಲ. ಕೀಲು ಸವೆದಿರಬಹುದು, ಮಂಡಿಯ ಲಿಗಮೆಂಟ್ ಹರಿದಿರಬಹುದು, ಅಂಗಾಲಿನಲ್ಲಿ ಮುಳ್ಳು ಮುರಿದಿರಬಹುದು, ಉಣ್ಣೆ ಕಚ್ಚಿ ತಂದ ಜ್ವರಕ್ಕೆ ಕೀಲುಗಳು ಊದಿರಬಹುದು. ಸಾಧ್ಯತೆಯ ಲೆಕ್ಕ ಹಾಕಿದರೆ ಮಾವನವರ ನೆಮ್ಮದಿಗೆ ಆಧಾರವಿದೆ, ಒಪ್ಪಿದೆ.

ಆದರೆ ಈ ಪಟ್ಟಿಯಲ್ಲಿ ‘ವಯಸ್ಸು’ ಎಂಬುದು ಎಲ್ಲಿದೆ? ಕೀಲು ಸವೆತವೂ ಒಂದು ಕಾಯಿಲೆಯೇ. ಅದಕ್ಕೆ ನೋವು ಇಳಿಸುವ ಔಷಧಿಗಳಿವೆ, ತೂಕ ಇಳಿಸುವ ದಾರಿಯಿದೆ, ಮೆದುವಾದ ಹಾಸಿಗೆಯಿದೆ, ಜಾರದ ನೆಲವಿದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟು, ಬದುಕಿದಷ್ಟು ಕಾಲವೂ ಗಮನಿಸಿದರು. ಹೆಚ್ಚು ತಿಂದ ಗುಂಪಿನಲ್ಲಿ ಅರ್ಧದಷ್ಟು ನಾಯಿಗಳು 11.2 ವರ್ಷದೊಳಗೆ ಹೋದವು. ತೆಳ್ಳಗಿದ್ದ ಗುಂಪಿನಲ್ಲಿ ಆ ಗಡಿ 13 ವರ್ಷಕ್ಕೆ ಸರಿಯಿತು. ಕೀಲುನೋವಿಗೆ ಮದ್ದು ಬೇಕಾದದ್ದೂ ತೆಳ್ಳಗಿದ್ದವುಗಳಿಗೆ ಎಷ್ಟೋ ತಡವಾಗಿ. ಎಲ್ಲವನ್ನೂ ವಯಸ್ಸೇ ನಡೆಸುವುದಾಗಿದ್ದರೆ ಒಂದೇ ತಾಯಿಯ ಮರಿಗಳಲ್ಲಿ ಈ ಅಂತರ ಬರುತ್ತಿತ್ತೇ? ರಾಜನ 36 ಕಿಲೋದಲ್ಲಿ ಮೂಳೆಯೆಷ್ಟು, ನಿಮ್ಮ ಅಕ್ಕರೆಯೆಷ್ಟು ಎಂಬುದನ್ನೂ ವೈದ್ಯರಲ್ಲಿ ಕೇಳಿ.

ಈಗ ನನ್ನ ಮನೆಯ ಕಥೆ. ಚಿನ್ನಿ ಎಂಬ ನಾಯಿ ನಮ್ಮಲ್ಲಿತ್ತು, ದೊಡ್ಡ ಮೈಕಟ್ಟಿನವಳು. ಹತ್ತನೆಯ ವರ್ಷದಲ್ಲಿ ಎಡ ಹಿಂಗಾಲು ಎಳೆಯತೊಡಗಿದಳು. ವಯಸ್ಸು ಎಂದೆ. ಹೆಂಡತಿ ಒತ್ತಾಯ ಮಾಡಿದ್ದಕ್ಕೆ ಒಬ್ಬ ವೈದ್ಯರಿಗೆ ತೋರಿಸಿದೆ. ಅವರು ಕುರ್ಚಿಯಿಂದ ಏಳಲಿಲ್ಲ. ಮೇಜಿನಾಚೆಯಿಂದಲೇ “ವಯಸ್ಸೆಷ್ಟು?” ಎಂದರು. ಹತ್ತು ಎಂದೆ. “ಮತ್ತೆ?” ಎಂದು ನೋವಿನ ಮಾತ್ರೆ ಬರೆದುಕೊಟ್ಟರು. ಮಾತ್ರೆಗೆ ಹತ್ತು ದಿನ ಚೆನ್ನಾಗಿ ನಡೆದಳು. ಆ ಹತ್ತು ದಿನವೇ ನಮಗೆ ಮೋಸ ಮಾಡಿತು. ಮೂಳೆಯಲ್ಲಿ ಗಡ್ಡೆಯಿದ್ದರೂ ಮೊದಮೊದಲು ಮಾತ್ರೆಗೆ ನೋವು ತಗ್ಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎರಡು ತಿಂಗಳ ನಂತರ ಒಂದು ಸಂಜೆ ಅಂಗಳದ ಎರಡು ಮೆಟ್ಟಿಲು ಇಳಿಯುವಾಗ ಒಣಕಡ್ಡಿ ಮುರಿದಂಥ ಸದ್ದಾಯಿತು. ಅವಳು ಕಿರುಚಲಿಲ್ಲ. ಅಲ್ಲಿಯೇ ಕುಳಿತು ನನ್ನ ಮುಖ ನೋಡಿದಳು.

ಆ ರಾತ್ರಿ ಬೇರೊಂದು ಆಸ್ಪತ್ರೆಯಲ್ಲಿ ತರುಣ ವೈದ್ಯೆಯೊಬ್ಬರು ಎಕ್ಸ್-ರೇ ಹಾಳೆಯನ್ನು ದೀಪಕ್ಕೆ ಹಿಡಿದು ತೋರಿಸಿದರು. ಮಂಡಿಯ ಮೇಲಿನ ಮೂಳೆ ಗೆದ್ದಲು ಹಿಡಿದ ಮರದ ಹಾಗೆ ಜಾಳುಜಾಳಾಗಿತ್ತು. “ಇದು ಇವತ್ತು ಮುರಿದ ಮೂಳೆಯಲ್ಲ, ಬಹಳ ದಿನಗಳಿಂದ ಕರಗುತ್ತ ಬಂದಿದೆ” ಎಂದರು. ಎರಡು ತಿಂಗಳು ಆ ಕಾಲಿನ ಮೇಲೆ ಅವಳು ನಮ್ಮ ಮನೆಯ ಬಾಗಿಲು ಕಾದಿದ್ದಳು. ನಾನು ‘ವಯಸ್ಸು’ ಎನ್ನುವುದನ್ನು ಬಿಟ್ಟದ್ದು ಅಂದಿನಿಂದ.

ಇದನ್ನು ಓದಿ ನಿಮ್ಮ ಹೆದರಿಕೆ ಇಮ್ಮಡಿಯಾಗಬಾರದು, ಅದಕ್ಕೆ ಇನ್ನೊಂದನ್ನು ಹೇಳುತ್ತೇನೆ. ನನ್ನ ಪರಿಚಯದ ಮನೆಯೊಂದರಲ್ಲಿ ಹನ್ನೆರಡು ವರ್ಷದ ತುಪ್ಪಳದ ನಾಯಿ. ಮುಂಗಾಲು ಕುಂಟಲು ಶುರುವಾದಾಗ ಮನೆಯವರು ನಿಮ್ಮ ಹಾಗೆಯೇ ಓದಿದರು, ಕ್ಯಾನ್ಸರ್ ಎಂದು ತಾವೇ ತೀರ್ಮಾನಿಸಿ ಒಳಗೊಳಗೇ ಅತ್ತರು. ಕೆಟ್ಟ ಸುದ್ದಿ ಕೇಳಲು ಮನಸ್ಸಿಲ್ಲದೆ ತಿಂಗಳುಗಟ್ಟಲೆ ಎಲ್ಲಿಗೂ ಕರೆದೊಯ್ಯಲಿಲ್ಲ. ಕೊನೆಗೆ ನೋಡಿದರೆ, ನೆಲಕ್ಕೆ ತಾಗದ ಹೆಬ್ಬೆರಳಿನ ಉಗುರು ಸವೆಯದೆ ಸುರುಳಿಯಾಗಿ ಬೆಳೆದು ಮಾಂಸಕ್ಕೆ ನೆಟ್ಟುಕೊಂಡಿತ್ತು. ಕೂದಲು ಅದನ್ನು ಮುಚ್ಚಿತ್ತು. ಕತ್ತರಿಸಿ, ಗಾಯ ತೊಳೆದು, ಔಷಧಿ ಕೊಟ್ಟ ಮೇಲೆ ವಾರದಲ್ಲಿ ಓಡಾಡಿತು. ‘ವಯಸ್ಸು’ ಎಂದ ನಾನೂ ‘ಕ್ಯಾನ್ಸರ್’ ಎಂದ ಅವರೂ ಮಾಡಿದ ತಪ್ಪು ಒಂದೇ. ಹಗ್ಗವನ್ನು ಹಾವೆಂದರು ಅವರು, ಹಾವನ್ನು ಹಗ್ಗವೆಂದೆ ನಾನು. ದೀಪ ಹಿಡಿದು ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಇನ್ನು ನೀವು ಹೆಸರಿಸಿದ ರೋಗದ ಬಗ್ಗೆ. ನಾಯಿಗಳ ಮೂಳೆಯಲ್ಲಿಯೇ ಹುಟ್ಟುವ ಗಡ್ಡೆಗಳಲ್ಲಿ ಬಹುಪಾಲು ಆಸ್ಟಿಯೋಸಾರ್ಕೋಮಾ ಎಂಬ ಒಂದೇ ಬಗೆಯದು. ಚಿಕ್ಕ ತಳಿಗಳಲ್ಲಿ ಅಪರೂಪ, ದೊಡ್ಡ ಮೈಯ ತಳಿಗಳಲ್ಲಿ ಹೆಚ್ಚು: ಗ್ರೇಟ್ ಡೇನ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್, ಐರಿಶ್ ವುಲ್ಫ್‌ಹೌಂಡ್, ಗ್ರೇಹೌಂಡ್. ಹಿಂಗಾಲಿಗಿಂತ ಮುಂಗಾಲಿಗೆ ಸುಮಾರು ಇಮ್ಮಡಿ ಸಲ ಬರುತ್ತದೆ. ಪಶುವೈದ್ಯ ವಿದ್ಯಾರ್ಥಿಗಳು ‘ಮೊಣಕೈಯಿಂದ ದೂರ, ಮಂಡಿಗೆ ಹತ್ತಿರ’ ಎಂದು ನೆನಪಿಟ್ಟುಕೊಳ್ಳುತ್ತಾರೆ. ಮುಂಗಾಲಿನಲ್ಲಿ ಭುಜದ ಹತ್ತಿರ ಅಥವಾ ಮಣಿಕಟ್ಟಿನ ಮೇಲೆ, ಹಿಂಗಾಲಿನಲ್ಲಿ ಮಂಡಿಯ ಮೇಲೆ ಅಥವಾ ಕೆಳಗೆ. ನಿಮ್ಮ ಕೈಗೆ ದಪ್ಪವೆನಿಸಿದ ಜಾಗ ಈ ಪಟ್ಟಿಯಲ್ಲಿದೆ. ಅದು ರೋಗ ಎಂದು ನಾನು ಹೇಳುತ್ತಿಲ್ಲ, ಹೇಳಲು ನಾನು ವೈದ್ಯನಲ್ಲ. ಈ ವಾರವೇ ಹೋಗಿ ಎಂದು ಹೇಳಲು ಮಾತ್ರ ಅಷ್ಟು ಸಾಕು.

ಈ ರೋಗ ಹೆಚ್ಚಾಗಿ ಏಳರಿಂದ ಒಂಬತ್ತು ವರ್ಷದ ಆಸುಪಾಸಿನಲ್ಲಿ ಕಾಣುತ್ತದೆ, ನಿಜ. ಆದರೆ ಒಂದೂವರೆ, ಎರಡು ವರ್ಷದ ನಾಯಿಗಳಲ್ಲಿ ಇನ್ನೊಂದು ಚಿಕ್ಕ ಅಲೆ ಏಳುತ್ತದೆ. ಮನುಷ್ಯರಲ್ಲಂತೂ ಇದು ಹೆಚ್ಚಾಗಿ ಬರುವುದು ಬೆಳೆಯುವ ಹರೆಯದ ಮಕ್ಕಳಿಗೆ. ಕೆನಡಾದ ಟೆರ್ರಿ ಫಾಕ್ಸ್ ಎಂಬ ಹುಡುಗನ ವಿಷಯ ನೀವು ಕೇಳಿರಬಹುದು. 1976ರ ಕೊನೆಯಲ್ಲಿ ಬಲ ಮಂಡಿ ನೋಯತೊಡಗಿತು. ಆಗಷ್ಟೇ ಒಂದು ಕಾರು ಅಪಘಾತದಲ್ಲಿ ಅದೇ ಮಂಡಿಗೆ ಪೆಟ್ಟಾಗಿತ್ತು. ಬ್ಯಾಸ್ಕೆಟ್‌ಬಾಲ್ ಋತು ಮುಗಿಯಲಿ ಎಂದು ಸಹಿಸಿಕೊಂಡ. 1977ರ ಮಾರ್ಚ್‌ನಲ್ಲಿ ಆಸ್ಟಿಯೋಸಾರ್ಕೋಮಾ ಎಂದು ತಿಳಿಯಿತು, ಕಾಲು ತೆಗೆದರು. ಆಗ ಅವನಿಗೆ ಹದಿನೆಂಟು ವರ್ಷ. ಮೂರು ವರ್ಷಗಳ ನಂತರ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು. 1981ರಲ್ಲಿ ತೀರಿಕೊಂಡ. ಹದಿನೆಂಟರ ಹುಡುಗನ ನೋವಿಗೆ ಅಪಘಾತದ ಕಾರಣ ಸಿಕ್ಕಿತು, ಹತ್ತರ ನಾಯಿಯ ನೋವಿಗೆ ವಯಸ್ಸಿನ ಕಾರಣ ಸಿಕ್ಕಿತು. ಕೈಗೆ ಸಿಕ್ಕ ಕಾರಣವನ್ನು ಹಿಡಿದುಕೊಂಡು ಕೂರುವುದು ನಮ್ಮೆಲ್ಲರ ಸ್ವಭಾವ.

ಈಗ ಸ್ವಲ್ಪ ಗದರಿಸುತ್ತೇನೆ, ಬೇಸರಿಸಬೇಡಿ. ಕತ್ತಲಲ್ಲಿ ಕಾಲು ಸವರುವುದನ್ನು ಬಿಡಿ. ಹಗಲಿನಲ್ಲಿ, ರಾಜ ನಿಂತಿರುವಾಗ, ಎರಡೂ ಮುಂಗಾಲುಗಳನ್ನು ಎರಡು ಕೈಗಳಲ್ಲಿ ಒಟ್ಟಿಗೆ ಹಿಡಿದು ಮೇಲಿನಿಂದ ಕೆಳಗೆ ಬನ್ನಿ. ಒಂದು ಕಾಲನ್ನೇ ಮುಟ್ಟುತ್ತಿದ್ದರೆ ಎಲ್ಲವೂ ದಪ್ಪವೆನಿಸುತ್ತದೆ. ಜೋಡಿಯಾಗಿ ಮುಟ್ಟಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಬೆರಳುಗಳ ಸಂದು, ಅಂಗಾಲು, ಉಗುರು ಬಿಡಿಸಿ ನೋಡಿ. ಆಮೇಲೆ ಯಾರಾದರೂ ಅವನನ್ನು ನಿಮ್ಮ ಕಡೆಗೆ ನಡೆಸಿಕೊಂಡು ಬರಲಿ, ನೀವು ಮೊಬೈಲ್‌ನಲ್ಲಿ ಚಿತ್ರೀಕರಿಸಿ. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲಕ್ಕೆ ಬಿದ್ದಾಗಲೆಲ್ಲ ತಲೆ ಮೇಲಕ್ಕೇಳುತ್ತದೆ, ಒಳ್ಳೆಯ ಕಾಲಿಗೆ ಭಾರ ಬಿದ್ದಾಗ ತಲೆ ತಗ್ಗುತ್ತದೆ. ಆಸ್ಪತ್ರೆಯ ಗಾಬರಿಯಲ್ಲಿ ಎಷ್ಟೋ ನಾಯಿಗಳು ಕುಂಟುವುದನ್ನೇ ಮರೆಯುತ್ತವೆ. ಆಗ ಈ ಚಿತ್ರ ಸಾಕ್ಷಿಯಾಗುತ್ತದೆ. ಎದ್ದ ಕೂಡಲೇ ಬಿಗಿಯಾಗಿದ್ದು ನಡೆದ ಹಾಗೆ ಸಡಿಲವಾಗುತ್ತದೆಯೇ, ಅಥವಾ ದಿನವಿಡೀ ಒಂದೇ ಸಮನೆ ಇದ್ದು ವಾರದಿಂದ ವಾರಕ್ಕೆ ಹೆಚ್ಚುತ್ತಿದೆಯೇ ಎಂಬುದನ್ನು ಬರೆದಿಡಿ. ಮೊದಲನೆಯದು ಕೀಲು ಸವೆತದ ಚಹರೆ, ಎರಡನೆಯದಕ್ಕೆ ಅವಸರ ಬೇಕು.

ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಯಾವುದನ್ನೂ ಕೊಡಬೇಡಿ. ನಮ್ಮ ಮಾತ್ರೆ ನಾಯಿಯ ಯಕೃತ್ತು, ಹೊಟ್ಟೆ, ಮೂತ್ರಪಿಂಡಗಳನ್ನು ಹಾಳು ಮಾಡಬಲ್ಲದು. ಎಕ್ಸ್-ರೇ ಆಗುವವರೆಗೆ ಹಾರಲು, ಮೆಟ್ಟಿಲಿನಲ್ಲಿ ಓಡಲು ಬಿಡಬೇಡಿ. ಎಕ್ಸ್-ರೇಯನ್ನು ಎರಡು ದಿಕ್ಕಿನಿಂದ ತೆಗೆಯಲು ಹೇಳಿ. ಮೂಳೆಯ ಖನಿಜ ಮೂರನೆಯ ಒಂದರಷ್ಟಾದರೂ ಕರಗುವವರೆಗೆ ಹಾಳೆಯ ಮೇಲೆ ಏನೂ ಕಾಣದೆ ಇರಬಹುದು. ಆದ್ದರಿಂದ ‘ಏನೂ ಇಲ್ಲ’ ಎಂದ ಮೇಲೂ ಕುಂಟು ನಿಲ್ಲದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ತೆಗೆಸಲೇಬೇಕು. ಅನುಮಾನದ ಜಾಗ ಕಂಡರೆ ಸೂಜಿಯಿಂದ ಜೀವಕೋಶ ತೆಗೆದು ನೋಡುತ್ತಾರೆ. ಕೆಲವು ಸೋಂಕುಗಳೂ ಮೂಳೆಯನ್ನು ಇದೇ ರೀತಿ ತಿನ್ನುತ್ತವೆ. ಚಿತ್ರ ನೋಡಿಯೇ ತೀರ್ಪು ಕೊಟ್ಟುಬಿಡಬಾರದು.

ಒಂದು ವೇಳೆ ಅದೇ ಆಗಿದ್ದರೆ? ಮುಚ್ಚಿಡುವುದಿಲ್ಲ. ರೋಗ ಗೊತ್ತಾಗುವ ಹೊತ್ತಿಗೆ ಸುಮಾರು ಶೇಕಡಾ 90ರಷ್ಟು ನಾಯಿಗಳಲ್ಲಿ ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶದ ದಾರಿ ಹಿಡಿದಿರುತ್ತವೆ. ಕಾಲು ತೆಗೆಯುವುದೊಂದರಿಂದ ಸಾಮಾನ್ಯವಾಗಿ ಸಿಗುವುದು ನಾಲ್ಕೈದು ತಿಂಗಳು. ಜೊತೆಗೆ ಕಿಮೊಥೆರಪಿ ಕೊಟ್ಟರೆ ಹತ್ತರಿಂದ ಹನ್ನೆರಡು ತಿಂಗಳು. ಐದರಲ್ಲಿ ಒಂದು ನಾಯಿ ಎರಡು ವರ್ಷ ಮುಟ್ಟುತ್ತದೆ. ಹಾಗಿದ್ದರೆ ಅವಸರ ಏಕೆ ಎಂದು ನಿಮ್ಮ ಮಾವನವರು ಕೇಳಿಯಾರು. ನೋವಿಗಾಗಿ. ಒಳಗಿಂದ ಕರಗುವ ಮೂಳೆಯ ನೋವು ಸಣ್ಣದಲ್ಲ, ಅದು ಅಳುವಿನಲ್ಲಿ ಹೊರಬರುವುದೂ ಇಲ್ಲ. ಆ ಕಾಲನ್ನೇ ತೆಗೆದಾಗ ನೋವಿನ ಬೇರೇ ಹೋಗುತ್ತದೆ. ಬಹಳಷ್ಟು ನಾಯಿಗಳು ಕೆಲವೇ ದಿನಗಳಲ್ಲಿ ಮೂರು ಕಾಲಿನಲ್ಲಿ ಬಾಲ ಆಡಿಸುತ್ತ ಬಾಗಿಲಿಗೆ ಬರುತ್ತವೆ. ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ವಿಕಿರಣವಿದೆ, ಮೂಳೆ ಗಟ್ಟಿಮಾಡುವ ಔಷಧಿಯಿದೆ, ಪ್ರಬಲ ನೋವುನಿವಾರಕಗಳಿವೆ. ಯಾವುದೂ ಸಾಲದಾದಾಗ ನೋವಿಲ್ಲದೆ ಕಳಿಸಿಕೊಡುವ ದಾರಿಯೂ ಇದೆ. ಚಿನ್ನಿಗೆ ಆ ಎರಡು ತಿಂಗಳು ಇವುಗಳಲ್ಲಿ ಒಂದೂ ಸಿಗಲಿಲ್ಲ. ಅವಳು ಇನ್ನಷ್ಟು ದಿನ ಬದುಕಬಹುದಿತ್ತೇನೋ ಎಂದು ನಾನು ಅಷ್ಟಾಗಿ ಕೊರಗುವುದಿಲ್ಲ. ಆ ಅರವತ್ತು ದಿನಗಳ ನೋವಿಗೆ ಕೊರಗುತ್ತೇನೆ.

ನನ್ನ ಸಿಟ್ಟು ನಾಯಿಗಷ್ಟೇ ನಿಲ್ಲುವುದಿಲ್ಲ. ಈ ಮೇಜಿಗೆ ಬರುವ ಪತ್ರಗಳಲ್ಲಿ ಈ ಶಬ್ದ ಎಷ್ಟು ಮನೆಗಳಲ್ಲಿ ಕುಳಿತಿದೆ ಎಂದು ನೋಡುತ್ತಿರುತ್ತೇನೆ. ಮುದಿ ನಾಯಿ ಬಿಂದಿಗೆಗಟ್ಟಲೆ ನೀರು ಕುಡಿಯುತ್ತದೆ, ವಯಸ್ಸು ಎನ್ನುತ್ತಾರೆ; ಅದು ಮೂತ್ರಪಿಂಡದ ಕಾಯಿಲೆಯೋ ಸಕ್ಕರೆ ಕಾಯಿಲೆಯೋ ಇರಬಹುದು. ಅಜ್ಜಿ ಮಾತು ಮರೆಯುತ್ತಾರೆ, ವಯಸ್ಸು. ಥೈರಾಯ್ಡ್ ಕಡಿಮೆಯಾದರೂ ಬಿ12 ಕೊರತೆಯಾದರೂ ಮರೆವು ಬರುತ್ತದೆ, ಎರಡಕ್ಕೂ ಔಷಧಿಯಿದೆ. ಅಜ್ಜನಿಗೆ ಕಣ್ಣು ಮಂಜು, ವಯಸ್ಸು. ಅದು ಪೊರೆಯಾಗಿದ್ದರೆ ಶಸ್ತ್ರಚಿಕಿತ್ಸೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಕಿವಿ ಕೇಳದವರ ಎದುರಿಗೇ ಅವರ ವಿಷಯ ಮಾತನಾಡುತ್ತೇವೆ. ಮಗುವಿನ ಮೈ ಬೆಚ್ಚಗಾದರೆ ರಾತ್ರೋರಾತ್ರಿ ಓಡುವ ಮನೆಯೇ ಹಿರಿಯ ಜೀವ ತಿಂಗಳುಗಟ್ಟಲೆ ನರಳಿದರೂ ಸುಮ್ಮನಿರುತ್ತದೆ. ವಯಸ್ಸಾದವರು ಕ್ರಮೇಣ ತಾವೂ ಅದನ್ನು ನಂಬಿ, ಹೇಳುವುದನ್ನೇ ಬಿಡುತ್ತಾರೆ. ನಾಯಿಗೆ ಹೇಳಲು ಬಾಯಿಲ್ಲ, ಇವರಿಗೆ ಇದ್ದೂ ಇಲ್ಲ.

ನಿಮ್ಮ ಪತ್ರವನ್ನು ಮೂರನೆಯ ಸಲ ಓದಿದಾಗ ನನ್ನ ಕಣ್ಣು ನಿಂತದ್ದು ಆ ಮಾತಿನ ಉಳಿದರ್ಧದ ಮೇಲೆ. ‘ನನ್ನ ಮಂಡಿಯೂ ನೋಯುತ್ತದೆ, ನಾನು ಯಾರಿಗಾದರೂ ಹೇಳಿದ್ದೇನೆಯೇ.’ ಅವರು ಹೇಳಿದ್ದಾರೆ ತಾಯಿ, ನಿಮಗೇ ಹೇಳಿದ್ದಾರೆ, ನೀವು ಅದನ್ನು ನನಗೆ ಬರೆದು ಕಳಿಸಿದ್ದೀರಿ. ರಾಜನ ಎಕ್ಸ್-ರೇ ಮುಗಿಸಿ ಮನೆಗೆ ಬಂದ ಸಂಜೆ ಮಾವನವರ ಪಕ್ಕ ಕುಳಿತು ಯಾವ ಮಂಡಿ, ಎಂದಿನಿಂದ, ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ ಎಂದು ಕೇಳಿ. ಮರುದಿನಕ್ಕೆ ಅವರಿಗೂ ಒಬ್ಬ ವೈದ್ಯರ ಸಮಯ ಗೊತ್ತುಮಾಡಿ. ಇಬ್ಬರ ವಿಷಯವನ್ನೂ ನನಗೆ ಬರೆಯಿರಿ.

— ಸಂಪಾದಕ